ಊರಿನ ಗುರುತಿಗೆ ಯಾವ ಕೀಚೈನ್ ವಾಸಿ?

ಅಮೆರಿಕದಲ್ಲಿ ವಲಸೆ ಬಂದ ಮನೆತನದವರಿಗೆಂದು ಮಾರುವ ಕೀಚೈನ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಅರ್ಧ ಈ ದೇಶದ ಬಾವುಟ, ಅರ್ಧ ಬಿಟ್ಟುಬಂದ ದೇಶದ್ದು. ಬಣ್ಣ ಬದಲಿಸಿದರೆ ಇಟಲಿಯವರಿಗೂ ಆಯಿತು, ಫಿಲಿಪ್ಪೀನ್ಸ್‌ನವರಿಗೂ ಆಯಿತು. ನಮ್ಮ ದೊಡ್ಡಪ್ಪ 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಬಂದವರು. ಅವರ ಮೊಮ್ಮಕ್ಕಳಿಗೆ ಈಗ ಕಾರು ಓಡಿಸುವ ವಯಸ್ಸು. ಅವರಿಗೆ ಕೊಡಲು ಬಾವುಟ ಬಿಟ್ಟು ಬೇರೇನಿದೆ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಮೊದಲು ನಾನೇ ಜೇಬಿನಲ್ಲಿಟ್ಟುಕೊಂಡು ತಿರುಗಿ ನೋಡಿದೆ.

ಕೆಂಪು-ಹಳದಿ ಅಕ್ರಿಲಿಕ್‌ನ ಕರ್ನಾಟಕ ನಕ್ಷೆ ಎಲ್ಲಕ್ಕಿಂತ ಅಗ್ಗ. ಆದರೆ ನಮ್ಮ ರಾಜ್ಯದ ಆಕಾರವೇ ಕೀಚೈನ್‌ಗೆ ಒಗ್ಗುವಂಥದ್ದಲ್ಲ. ಉತ್ತರದ ತುದಿ ಸಪೂರ, ಬಳೆ ಹಾಕುವ ತೂತೂ ಅಲ್ಲೇ. ಬೀದರ್ ಮುರಿದು ಬಿತ್ತು. ಕಲಬುರಗಿ ಕಡೆಯ ಗೆಳೆಯ, ‘ಮೊದ್ಲಿಂದಾನೂ ಹಿಂಗೇ ಅದಪಾ ನಮ್ಮ ಹಣೇಬರಹ’ ಅಂದ.

ಹಿತ್ತಾಳೆಯ ಗಂಡಭೇರುಂಡ ನೋಡಲು ಗತ್ತಿನದು. ಮೈಸೂರು ಒಡೆಯರ ಲಾಂಛನ, ಈಗ ಸರ್ಕಾರದ್ದೂ ಹೌದು. ರೆಕ್ಕೆಯ ಮೊನೆ ಮಾತ್ರ ಕೂತಾಗಲೆಲ್ಲ ತೊಡೆಗೆ ಚುಚ್ಚುತ್ತದೆ. ಬೆವರಿಗೆ ಕಪ್ಪಾದರೆ ಹುಣಸೆಹಣ್ಣು ಹಾಕಿ ತಿಕ್ಕಿದರಾಯಿತು.

ನಿಜವಾದ ಪೈಪೋಟಿ ಬಿದರಿಗೂ ಚನ್ನಪಟ್ಟಣಕ್ಕೂ. ಚೆಲುವಿನಲ್ಲಿ ಬಿದರಿಯೇ ಮುಂದು. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಕುದಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಕಷ್ಟವೇನೆಂದರೆ ಆ ಕಪ್ಪು ಬರೀ ಮೇಲ್ಮೈಯದು. ಬೀಗದ ಕೈಗಳ ಜೊತೆ ದಿನವೂ ಉಜ್ಜಿದರೆ ಅಂಚಿನಲ್ಲಿ ಬೂದು ಬಣ್ಣ ಇಣುಕುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಬಿದರಿಯನ್ನು ಶೋಕೇಸಿನಲ್ಲಿಡಿ, ಕಾರಿನ ಕೀಗೆ ಬೇಡ.

ಚನ್ನಪಟ್ಟಣದ್ದು ಹಗುರ. ಆಲೆ ಮರ ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಹಾಗಾಗಿ ಬಣ್ಣ ಸಿಪ್ಪೆಯಂತೆ ಏಳುವುದಿಲ್ಲ. ಎರಡು ಸಲ ಕಾಂಕ್ರೀಟ್ ಮೇಲೆ ಬಿದ್ದರೂ ಸಣ್ಣ ತಗ್ಗಾಯಿತೇ ಹೊರತು ಒಡೆಯಲಿಲ್ಲ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಮಾತ್ರ ಬಿಡಬೇಡಿ. ಅರಗು ಬಿಸಿಗೆ ಮೆತ್ತಗಾಗುವ ವಸ್ತು.

ಇವೆರಡರ ಚರಿತ್ರೆಯೂ ನನಗೆ ಇಷ್ಟ. ಬಹಮನಿ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳಿಂದ ಬಿದರಿ ಕೆಲಸ ಬೀದರಿನಲ್ಲಿ ನೆಲೆಗೊಂಡಿತು ಎನ್ನುತ್ತಾರೆ. ಚನ್ನಪಟ್ಟಣದ ಕಸುಬಿಗೂ, ಟಿಪ್ಪು ಪರ್ಷಿಯಾದಿಂದ ಕರೆಸಿದವರು ಕಲಿಸಿದ್ದು ಎಂಬ ಮಾತಿದೆ. ಈಗ ಎರಡಕ್ಕೂ ಆಯಾ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ವಲಸೆ ಬಂದ ಮನೆಯವರ ಕೈಗೆ ಇದಕ್ಕಿಂತ ತಕ್ಕ ವಸ್ತು ಇನ್ನೇನಿದೆ?

ಇಷ್ಟಾದರೂ ಇವು ಕರ್ನಾಟಕದವರೆಲ್ಲರ ಗುರುತು, ನಮ್ಮ ಮನೆಯದೇ ಅಲ್ಲ. ಆ ಲೆಕ್ಕದಲ್ಲಿ ಗೆದ್ದದ್ದು ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ. ಅಜ್ಜಿಯ ಸಾರಿನಪುಡಿ ಲೆಕ್ಕದ ಚೀಟಿಯಿಂದ ಒಂದು ಸಾಲು, ಅವರದೇ ಅಕ್ಷರದಲ್ಲಿ, ಲೇಸರ್‌ನಿಂದ ಕೆತ್ತಿಸಿದ್ದು: ‘ಮೆಂತ್ಯ ಸ್ವಲ್ಪ ಕಮ್ಮಿ’. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ನಿಜ. ಆದರೆ ಬಂದವರೆಲ್ಲ ‘ಇದೇನು ಬರೆದಿದೆ’ ಎಂದು ಕೇಳುತ್ತಾರೆ, ಹೇಳಲಿಕ್ಕಾದರೂ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಗಂಡಭೇರುಂಡದ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಕೆತ್ತಿಸುವವರಿಗೆ ಒಂದು ಮಾತು. ಕನ್ನಡವನ್ನು ಟೈಪ್ ಮಾಡಿ ಕಳಿಸಬೇಡಿ. ಇಲ್ಲಿನ ಒಂದು ಅಂಗಡಿಯ ಸಾಫ್ಟ್‌ವೇರ್ ಒತ್ತಕ್ಷರಗಳನ್ನೆಲ್ಲ ಬಿಡಿಸಿ ‘ಅಜ್ಜಿ’ಯನ್ನು ‘ಅಜ್‌ಜಿ’ ಮಾಡಿ ಕೊಟ್ಟಿತ್ತು. ಚೀಟಿಯನ್ನು ಒಳ್ಳೆಯ ರೆಸಲ್ಯೂಶನ್ನಿನಲ್ಲಿ ಸ್ಕ್ಯಾನ್ ಮಾಡಿ, ಗೆರೆ ತುಸು ದಪ್ಪ ಮಾಡಿ, ಚಿತ್ರವಾಗಿಯೇ ಕಳಿಸಿ. ಕಪ್ಪು ಗುರುತಲ್ಲ, ಆಳದ ಕೆತ್ತನೆಯೇ ಬೇಕೆಂದು ಹೇಳಿ. ಬೆಲೆ ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಬರೀ ಕಪ್ಪು ಗುರುತು ಬೇಗ ಮಾಸುತ್ತದೆ.