ಹಳೇ ಗೇಮಿಂಗ್ ಪಿಸಿಗೆ ಒಂದೇ ಬಿಡಿಭಾಗದ ದುಡ್ಡು: ರೈಜೆನ್ 5600 ಹಾಕಬೇಕೋ, ಆರ್‌ಎಕ್ಸ್ 6600 ಹಾಕಬೇಕೋ?

ಹೋಲಿಕೆಗೆ ತೆಗೆದುಕೊಂಡದ್ದು ಇವತ್ತಿಗೂ ಬಹಳ ಜನರ ಮೇಜಿನ ಕೆಳಗೆ ಓಡುತ್ತಿರುವ ಪಿಸಿ: ರೈಜೆನ್ 5 1600 ಪ್ರೊಸೆಸರ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ, 1080ಪಿ ಮಾನಿಟರ್. ಅದೇ ಬೋರ್ಡಿಗೆ ರೈಜೆನ್ 5 5600 ಪ್ರೊಸೆಸರ್ ಹಾಕುವುದು ಒಂದು ದಾರಿ, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕುವುದು ಇನ್ನೊಂದು. ಬೋರ್ಡ್, ಪ್ರೊಸೆಸರ್, ಡಿಡಿಆರ್5 ರ‍್ಯಾಮ್ ಎಲ್ಲವನ್ನೂ ಹೊಸದಾಗಿ ಕೊಳ್ಳುವ ಮಾತು ಈ ಬಜೆಟ್ಟಿಗೆ ಹೊಂದುವುದಿಲ್ಲ. ಅಷ್ಟೆಲ್ಲ ಸುರಿದು 1060 ಅನ್ನೇ ಉಳಿಸಿಕೊಂಡರೆ ಗ್ರಾಫಿಕ್ಸ್ ಭಾರದ ಆಟಗಳು ಇದ್ದಲ್ಲೇ ಇರುತ್ತವೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಆಗಲೇಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ ಮತ್ತು ಫ್ರೇಮ್ ಟೈಮ್ (ಒಂದೊಂದು ಚಿತ್ರ ಮೂಡಲು ಹಿಡಿಯುವ ಸಮಯ) ಗ್ರಾಫ್ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ವಿ-ಸಿಂಕ್ (ಚಿತ್ರಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಮಿತಿ ಎರಡನ್ನೂ ತೆಗೆದು, ನೀವು ನಿಜಕ್ಕೂ ಆಡುವ ಆಟದ ಜನಜಂಗುಳಿಯ ಜಾಗಕ್ಕೆ ಹೋಗಿ. ಜಿಪಿಯು ಬಳಕೆ 95 ಶೇಕಡಾ ದಾಟಿ ನಿಂತರೆ ಅಡ್ಡಿ ಕಾರ್ಡಿನದು. ಅದಕ್ಕಿಂತ ತುಂಬಾ ಕೆಳಗಿದ್ದು ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿದರೆ ಅಡ್ಡಿ ಬಹುತೇಕ ಪ್ರೊಸೆಸರಿನದು. ಅನುಮಾನವಿದ್ದರೆ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ. ಎಫ್‌ಪಿಎಸ್ ಏರದಿದ್ದರೆ ಹೊಸ ಕಾರ್ಡ್ ತಂದರೂ ಅಲ್ಲಿ ಏರುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುವ ಒಟ್ಟು ಸಿಪಿಯು ಶೇಕಡಾವಾರನ್ನು ನಂಬಬೇಡಿ. 1600ರ 12 ಥ್ರೆಡ್‌ಗಳಲ್ಲಿ (ಪ್ರೊಸೆಸರ್ ಏಕಕಾಲಕ್ಕೆ ಓಡಿಸುವ ಕೆಲಸದ ಸಾಲುಗಳು) ಆಟದ ಮುಖ್ಯ ಥ್ರೆಡ್ ಒಂದೇ ತುಂಬಿ ಹೋಗಿದ್ದರೂ ಒಟ್ಟು ಲೆಕ್ಕ 40ರ ಆಸುಪಾಸು ತೋರಿಸಬಹುದು.

5600 ಹಾಕಿದಾಗ ಕೌಂಟರ್-ಸ್ಟ್ರೈಕ್ 2ರಂಥ ಆಟ, ದೊಡ್ಡ ನಗರ ಕಟ್ಟುವ ಆಟ, ತಂತ್ರದ ಆಟಗಳು ಗುರುತು ಸಿಗದಷ್ಟು ಸಲೀಸಾಗುತ್ತವೆ. ಸರಾಸರಿ ಎಫ್‌ಪಿಎಸ್‌ಗಿಂತ 1 ಶೇಕಡಾ ಲೋ (ಅತಿ ನಿಧಾನದ 1 ಶೇಕಡಾ ಕ್ಷಣಗಳ ಎಫ್‌ಪಿಎಸ್) ಎದ್ದು ಕಾಣುವಂತೆ ಮೇಲೆ ಬರುತ್ತದೆ. ಕೈಗೆ ಹತ್ತುವ ವ್ಯತ್ಯಾಸ ಅದೇ. ಆದರೆ ಎಲ್ಲ ಸೆಟ್ಟಿಂಗೂ ಹೈ ಇಟ್ಟು ಆಡುವ ಕಥಾ ಆಟಗಳಲ್ಲಿ 1060 ಇದ್ದಷ್ಟೇ ಓಡುತ್ತದೆ. 6600 ಹಾಕಿದರೆ ಇದೇ ತಿರುವುಮುರುವು: ಸರಾಸರಿ ನೆಗೆಯುತ್ತದೆ, 8 ಜಿಬಿ ಇರುವುದರಿಂದ ಟೆಕ್ಸ್ಚರ್ ಹೈಗೆ ಏರಿಸಬಹುದು, ಆದರೆ ಆಟದ ಊರಿನೊಳಗೆ ಗಾಡಿ ಓಡಿಸುವಾಗ ಪ್ರೊಸೆಸರಿನಿಂದಾಗಿ ತಡೆತಡೆದು ಓಡುವ ಆ ಹಳೇ ಜರ್ಕ್ ಹೋಗುವುದಿಲ್ಲ.

ಕಾರ್ಡಿನ ಕೊರತೆಯನ್ನು ಸೆಟ್ಟಿಂಗ್ ಇಳಿಸಿ, ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಶನ್ನಿನ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರ) ಹಾಕಿ ಮರೆಮಾಚಬಹುದು. ಪ್ರೊಸೆಸರ್ ಕೊರತೆಗೆ ಆ ಉಪಾಯ ನಡೆಯುವುದಿಲ್ಲ; ಜನಸಂದಣಿ, ದೃಷ್ಟಿ ದೂರ ಇಂಥ ಒಂದೆರಡು ಸೆಟ್ಟಿಂಗ್ ಬಿಟ್ಟರೆ ಉಳಿದವು ಅದರ ಹೊರೆಯನ್ನು ಹೆಚ್ಚೇನೂ ಇಳಿಸುವುದಿಲ್ಲ. ಹಾಗಾಗಿ ಜರ್ಕೇ ನಿಮ್ಮ ತಲೆನೋವಾದರೆ 5600 ಮೊದಲು. ಒಂದು ಕಡೆ ಮಾತ್ರ ಈ ಮಾತು ನಿಲ್ಲುವುದಿಲ್ಲ. ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್ (2024), ಡೂಮ್: ದ ಡಾರ್ಕ್ ಏಜಸ್ (2025) ಇಂಥ ಆಟಗಳು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ಚಿತ್ರ ಮೂಡಿಸುವುದು) ಹಾರ್ಡ್‌ವೇರ್ ಕಡ್ಡಾಯವಾಗಿ ಕೇಳುತ್ತವೆ. ಅವು ಬೇಕೆಂದರೆ 1060 ಇಟ್ಟುಕೊಂಡು ಪ್ರಯೋಜನವಿಲ್ಲ. ಕಾರ್ಡಿನ ಮಟ್ಟಿಗೆ 6600 ಅವುಗಳ ಕನಿಷ್ಠ ಮಟ್ಟ ಮುಟ್ಟುತ್ತದೆ.

ಅಕ್ಕಪಕ್ಕದ ಮಾದರಿಗಳ ಬಗ್ಗೆ ಚುಟುಕಾಗಿ: ರೈಜೆನ್ 5500ರಲ್ಲಿ ಎಲ್3 ಕ್ಯಾಶೆ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32, ಆಟಗಳಲ್ಲಿ ಅದು ಗೊತ್ತಾಗುತ್ತದೆ. 5700ಎಕ್ಸ್3ಡಿಗೆ 96 ಎಂಬಿ, ಸಿಕ್ಕರೆ ಈ ಬೋರ್ಡಿಗೆ ಅದಕ್ಕಿಂತ ಒಳ್ಳೆಯದು ಹುಡುಕಬೇಕಿಲ್ಲ, ಆದರೆ ಕೂಲರ್ ಬೇರೆ ಕೊಳ್ಳಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ತಲೆ ಹಾಕಬೇಡಿ: ಮೆಮೊರಿ 4 ಜಿಬಿ, ಬೋರ್ಡಿಗೆ ದತ್ತಾಂಶ ಸಾಗಿಸುವ ಲೇನ್ ನಾಲ್ಕೇ, ಬಿ450 ಕೊಡುವುದು ಹಳೇ, ನಿಧಾನದ ಪಿಸಿಐಇ 3.0 ಸಂಪರ್ಕ, ಮೆಮೊರಿ ತುಂಬಿದೊಡನೆ ಆಟ ಮುಗ್ಗರಿಸುತ್ತದೆ. 6600ಕ್ಕೂ ಎಂಟೇ ಲೇನ್, ಆದರೆ ಅದರ ನಷ್ಟ ಅಲ್ಪ. ಆರ್‌ಟಿಎಕ್ಸ್ 3060ರ 12 ಜಿಬಿ ಆಸೆ ಹುಟ್ಟಿಸುತ್ತದೆ, ಆದರೆ 170 ವ್ಯಾಟ್ ಕಾರ್ಡ್. 550 ವ್ಯಾಟ್ ಪವರ್ ಸಪ್ಲೈ ಶಿಫಾರಸು ಇರುವುದರಿಂದ ಎರಡನೇ ಖರ್ಚು ಬೆನ್ನಿಗೇ ಬರುತ್ತದೆ. 6600ರದು 132 ವ್ಯಾಟ್. ಇಂಟೆಲ್ ಆರ್ಕ್ ಬಿ580 ಕಾರ್ಡಿಗೆ ರಿಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿ ಪ್ರೊಸೆಸರಿಗೆ ಒಟ್ಟಿಗೆ ಸಿಗುವ ಸೌಲಭ್ಯ) ಬೇಕೇ ಬೇಕು, 1600ಕ್ಕೆ ಅದರ ಅಧಿಕೃತ ಬೆಂಬಲವಿಲ್ಲ, ಆದ್ದರಿಂದ ಈ ಕಾರ್ಡನ್ನು ಅದರ ಜೊತೆ ಕಟ್ಟಬೇಡಿ.

ಪವರ್ ಕೇಬಲ್ಲಿನಲ್ಲಿ ಹುಷಾರು. ಸಾಮಾನ್ಯ 1060ಕ್ಕೆ 6 ಪಿನ್ ಸಾಕಿತ್ತು, 6600ಕ್ಕೆ 8 ಪಿನ್ ಬೇಕು. ಪವರ್ ಸಪ್ಲೈಯಲ್ಲಿ 6+2 (6 ಅಥವಾ 8 ಪಿನ್ ಆಗಬಲ್ಲ) ಕೇಬಲ್ ಇಲ್ಲದಿದ್ದರೆ ಸಾಟಾದಿಂದ (ಹಾರ್ಡ್ ಡಿಸ್ಕಿಗೆ ಹೋಗುವ ಪವರ್ ಕೇಬಲ್) 8 ಪಿನ್ ಮಾಡುವ ಅಡಾಪ್ಟರ್ ಬೇಡವೇ ಬೇಡ: ಸಾಟಾ ಕನೆಕ್ಟರಿನ 12 ವೋಲ್ಟ್ ಸಾಮರ್ಥ್ಯ 54 ವ್ಯಾಟ್, 8 ಪಿನ್ ಲೆಕ್ಕ 150 ವ್ಯಾಟ್. ಕರಗುವುದು ಕನೆಕ್ಟರೇ. ಬೇರೆ ಪವರ್ ಸಪ್ಲೈಯ ಮಾಡ್ಯುಲರ್ (ಬಿಚ್ಚಿ ತೆಗೆಯಬಹುದಾದ) ಕೇಬಲ್ಲನ್ನೂ ಚುಚ್ಚಬೇಡಿ. ತುದಿ ಕೂತರೂ ಪಿನ್ ಕ್ರಮ ಬೇರೆ ಇರುತ್ತದೆ.

5600ರ ಕೆಲಸ ಕಾರ್ಡಿಗಿಂತ ನಾಜೂಕು. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಬೇಕು: ಬೋರ್ಡ್ ತಯಾರಕರ ಪುಟದ ಸಿಪಿಯು ಪಟ್ಟಿಯಲ್ಲಿ 5600ರ ಮುಂದೆ ಇರುವ ಆವೃತ್ತಿ ಅಥವಾ ಅದಕ್ಕಿಂತ ಹೊಸದು, ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ನಲ್ಲಿ. ಅದಕ್ಕೂ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡ್ರೈವಿಗೆ ಹಾಕುವ ಬೀಗ) ನಿಲ್ಲಿಸಿ, ರಿಕವರಿ ಕೀ ಬರೆದಿಡಿ. ಹೊಸ ಪ್ರೊಸೆಸರ್ ಕಂಡಾಗ ಬೋರ್ಡ್ ಎಫ್‌ಟಿಪಿಎಂ (ಆ ಬೀಗದ ಕೀಲಿ ಕಾಯುವ ಭದ್ರತಾ ಭಾಗ) ರೀಸೆಟ್ ಮಾಡಲೇ ಎಂದು ಕೇಳಬಹುದು. ಕೀ ಇಲ್ಲದೆ ಹೌದು ಒತ್ತಿದರೆ ಡ್ರೈವ್ ಬೀಗ ಬಿದ್ದಂತೆಯೇ. ಕೂಲರ್ ಬಿಚ್ಚುವಾಗ ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಪವರ್ ತೆಗೆದು, ಸ್ಕ್ರೂ ಬಿಚ್ಚಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಬಿಡಿಸಿ. ನೇರ ಎಳೆದರೆ ಒಣಗಿದ ಪೇಸ್ಟ್ ಪ್ರೊಸೆಸರನ್ನೇ ಸಾಕೆಟ್ಟಿನಿಂದ ಕಿತ್ತು ತರುತ್ತದೆ, ಈ ಬೋರ್ಡಿನ ಎಎಂ4 ಸಾಕೆಟ್ಟಿನ ಪ್ರೊಸೆಸರುಗಳಲ್ಲಿ ಪಿನ್ ಇರುವುದು ಪ್ರೊಸೆಸರಿನಲ್ಲೇ, ಬಾಗುವುದು ಅವೇ.

ಬಯಾಸ್ ಅಪ್‌ಡೇಟ್ ಆದಮೇಲೆ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಸಾಮಾನ್ಯವಾಗಿ ಆಫ್ ಆಗಿರುತ್ತದೆ; 3200ರ ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತಾ ಕೂರುತ್ತದೆ. 1600ರ ಜೊತೆ 3200 ನಿಲ್ಲದೆ 2933ಕ್ಕೆ ಇಳಿಸಿದ್ದವರು 5600ರ ಜೊತೆ 3200 ಮತ್ತೆ ಹಾಕಿ ನೋಡಿ, ಸಾಮಾನ್ಯವಾಗಿ ನಿಲ್ಲುತ್ತದೆ. ಹೊಸ ಪ್ರೊಸೆಸರಿನಿಂದ ಏನೂ ಆಗಲಿಲ್ಲ ಎನ್ನುವ ಮೊದಲು ಅದನ್ನೂ, ಎರಡು ರ‍್ಯಾಮ್‌ಗಳು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿವೆಯೇ ಎಂಬುದನ್ನೂ ನೋಡಿ.