ಹುರಿದುಂಬಿಸಲು ದನದ ಗಂಟೆ: ಕೊಳ್ಳುವ ಮುನ್ನ ಒಳಗೆ ಬಗ್ಗಿ ನೋಡಿ

ಕ್ರೀಡಾಪಟುಗಳನ್ನು ಹುರಿದುಂಬಿಸಲು ದನದ ಕೊರಳ ಗಂಟೆಯನ್ನು ಕೊಳ್ಳುವವರು ಹೆಚ್ಚಾಗಿ ಅದರ ಬಣ್ಣವನ್ನೂ ಮೇಲೆ ಅಚ್ಚಾಗಿರುವ ಲಾಂಛನವನ್ನೂ ನೋಡಿ ಆರಿಸುತ್ತಾರೆ. ಗಂಟೆಯ ಯೋಗ್ಯತೆ ತೀರ್ಮಾನವಾಗುವುದು ಮಾತ್ರ ಹೊರಗೆ ಕಾಣದ ಎರಡು ಕಡೆಗಳಲ್ಲಿ: ಲೋಹದ ದಪ್ಪದಲ್ಲಿ, ಮತ್ತು ಒಳಗಿನ ನಾಲಿಗೆಯನ್ನು ತೂಗುಹಾಕಿರುವ ಕೊಂಡಿಯಲ್ಲಿ. ಮಡಿಸಿದ ಉಕ್ಕಿನ ತಗಡಿನ ಗಂಟೆ, ಎರಕದ ಕಂಚಿನ ಗಂಟೆ, ಪ್ರಾಯೋಜಕರು ಸ್ಪರ್ಧೆಯ ದಿನ ಹಂಚುವ ತೆಳು ತಗಡಿನ ಪುಟ್ಟ ಗಂಟೆ, ಈ ಮೂರನ್ನೂ ಸೈಕಲ್ ಮತ್ತು ಸ್ಕೀಯಿಂಗ್ ಸ್ಪರ್ಧೆಗಳ ಅಂಚಿನಲ್ಲಿ ನಿಂತು ಬಾರಿಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಹಿಡಿಯುಳ್ಳ ಉಕ್ಕಿನ ಗಂಟೆಗೇ ನನ್ನ ಮತ.

ಉಕ್ಕಿನ ಗಂಟೆಯ ರಚನೆ ಸರಳ. ಚಪ್ಪಟೆ ತಗಡನ್ನು ಕತ್ತರಿಸಿ, ಬಾಯಿ ಅಗಲವಾಗಿಯೂ ಮೇಲ್ಭಾಗ ಕಿರಿದಾಗಿಯೂ ಇರುವಂತೆ ಮಡಿಸಿ, ಎರಡು ಬದಿಗಳನ್ನು ರಿವೆಟ್ ಹೊಡೆದೋ ಬೆಸುಗೆ ಹಾಕಿಯೋ ಕೂಡಿಸುತ್ತಾರೆ. ಅದರ ಗೋಡೆಗಳು ಚಪ್ಪಟೆಯಾಗಿರುವುದರಿಂದ ಒಂದೇ ಸ್ಪಷ್ಟ ಸ್ವರ ಹೊರಡುವುದಿಲ್ಲ. ಒಂದಕ್ಕೊಂದು ಹೊಂದದ ಹಲವು ಕಂಪನಗಳು ಒಟ್ಟಿಗೆ ಎದ್ದು ಬೇಗನೆ ಅಡಗುತ್ತವೆ. ಸಂಗೀತಕ್ಕೆ ಇದು ಕೊರತೆಯೆನಿಸಬಹುದು, ಆದರೆ ಹುರಿದುಂಬಿಸುವವರಿಗೆ ಬೇಕಾಗಿರುವುದೇ ಇದು. ಸವಾರನೊಬ್ಬ ನಮ್ಮ ಮುಂದೆ ಹಾದುಹೋಗುವುದು ಕೆಲವೇ ಕ್ಷಣಗಳಲ್ಲಿ. ಅಷ್ಟರೊಳಗೆ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಿಸಿದರೆ ಲಯ ಹುಟ್ಟುತ್ತದೆ, ಆ ಲಯ ಗುಂಪಿನ ಕೂಗಾಟವನ್ನು ಸೀಳಿಕೊಂಡು ಹೋಗುತ್ತದೆ. ಚಳಿಗಾಲದ ಸ್ಪರ್ಧೆಗಳಲ್ಲಿ ಇನ್ನೊಂದು ಅನುಕೂಲವಿದೆ: ದಪ್ಪ ಕೈಗವಸು ತೊಟ್ಟಾಗ ಚಪ್ಪಾಳೆಯ ಸದ್ದೇ ಹೊರಡುವುದಿಲ್ಲ, ಗಂಟೆಗೆ ಆ ತೊಂದರೆಯಿಲ್ಲ.

ಕೀಲು ಕೂಡಿದ ಜಾಗ ಸಡಿಲವಾಗಿದ್ದರೆ ಉಕ್ಕಿನ ಗಂಟೆ ನಾದ ಬಿಟ್ಟು ಗರಗರ ಎನ್ನತೊಡಗುತ್ತದೆ. ಹಳೆಯ ಕುಶಲಕರ್ಮಿಗಳು ಇದಕ್ಕೆ ಕಂಡುಕೊಂಡ ಉಪಾಯವನ್ನು ಪೋರ್ಚುಗಲ್‌ನ ಅಲ್ಕಾಸೊವಾಸ್ ಊರಿನಲ್ಲಿ ಇಂದಿಗೂ ಕಾಣಬಹುದು. ಅಲ್ಲಿ ಕಬ್ಬಿಣದ ತಗಡನ್ನು ಬಡಿದು ಬಾಗಿಸಿ, ಸುತ್ತಲೂ ತಾಮ್ರದಂಥ ಲೋಹದ ಚೂರುಗಳನ್ನಿಟ್ಟು, ಹುಲ್ಲು ಬೆರೆಸಿದ ಜೇಡಿಮಣ್ಣಿನಿಂದ ಮುಚ್ಚಿ ಬೆಂಕಿಯಲ್ಲಿ ಸುಡುತ್ತಾರೆ. ಒಳಗೆ ಕರಗಿದ ಲೋಹ ಕಬ್ಬಿಣದ ಮೈಗೆಲ್ಲ ಹರಡಿ ಸಂದುಗಳನ್ನೂ ತುಂಬುತ್ತದೆ. ನೀರಿನಲ್ಲಿ ತಣಿಸಿ, ಮಣ್ಣು ಒಡೆದು ತೆಗೆದು, ಉಜ್ಜಿ ಹೊಳಪು ಕೊಟ್ಟ ಮೇಲೆ ಬಡಿದು ನಾದ ಸರಿಪಡಿಸುವುದು ಕೊನೆಯ ಕೆಲಸ. ಈ ಕಸುಬನ್ನು ಯುನೆಸ್ಕೊ 2015ರಲ್ಲಿ ತುರ್ತು ಸಂರಕ್ಷಣೆ ಬೇಕಿರುವ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮೈದಾನಕ್ಕೆ ಒಯ್ಯುವ ಗಂಟೆ ಇಷ್ಟೆಲ್ಲ ಶ್ರಮದಿಂದ ಆಗಿರಬೇಕೆಂದು ನಾನು ಹೇಳುವುದಿಲ್ಲ. ಸಂದು ಬಿಗಿಯಾಗಿದೆಯೇ, ಅಥವಾ ಬಿರುಕನ್ನು ಬಣ್ಣ ಬಳಿದು ಮುಚ್ಚಲಾಗಿದೆಯೇ ಎಂಬುದನ್ನು ಉಗುರಿನಿಂದ ಸವರಿ ನೋಡುವುದಕ್ಕಂತೂ ಯಾರ ಅಡ್ಡಿಯೂ ಇಲ್ಲ.

ಕಂಚಿನ ಗಂಟೆಯ ವಿಷಯ ಬೇರೆ. ಸುಮಾರು ಐದರಲ್ಲಿ ನಾಲ್ಕು ಪಾಲು ತಾಮ್ರ, ಉಳಿದ ಪಾಲು ತವರ ಸೇರಿಸಿ ಎರಕ ಹೊಯ್ದ ಈ ಗಂಟೆಯ ನಾದ ದುಂಡಗಿದೆ, ದೀರ್ಘವಾಗಿದೆ, ಕೇಳಲು ನಿಜಕ್ಕೂ ಸೊಗಸಾಗಿದೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪ್ರದೇಶದಲ್ಲಿ ಬಡಿದು ಮಾಡಿದ ತಗಡಿನ ಗಂಟೆ, ಎರಕದ ಗಂಟೆ ಎರಡೂ ದನಗಳ ಕೊರಳಲ್ಲಿ ಕಾಣುತ್ತವೆ. ವೆಂಗನ್‌ನಲ್ಲಿ 1930ರಿಂದ ನಡೆದುಬಂದಿರುವ ಲಾಬರ್‌ಹಾರ್ನ್ ಸ್ಪರ್ಧೆಯಲ್ಲಾಗಲಿ, ಅಡೆಲ್‌ಬೋಡನ್‌ನ ಕಡಿದಾದ ಇಳಿಜಾರಿನ ಕೊನೆಯಲ್ಲಾಗಲಿ, ಸ್ಕೀ ಪಟುಗಳನ್ನು ಬರಮಾಡಿಕೊಳ್ಳುವುದು ಗಂಟೆಗಳ ಸದ್ದೇ. ಅಲ್ಲಿನ ದೊಡ್ಡ ಗಂಟೆಗಳನ್ನು ಎರಡೂ ಕೈಗಳಲ್ಲಿ ಹಿಡಿದು ಇಡೀ ಮೈಯನ್ನು ತೂಗಿ ಬಾರಿಸಬೇಕು. ಅದಕ್ಕೆ ಅಭ್ಯಾಸವೂ ಜೊತೆಗಾರರೂ ಬೇಕು. ಒಬ್ಬರೇ ಒಂದು ಕೈಯಲ್ಲಿ ಬಾರಿಸುವ ಮಧ್ಯಮ ಗಾತ್ರದ ಕಂಚಿನ ಗಂಟೆಯಲ್ಲಾದರೆ ಒಂದು ಹೊಡೆತದ ನಾದ ಅಡಗುವ ಮುನ್ನವೇ ಮುಂದಿನದು ಬಂದು ಎಲ್ಲವೂ ಕಲಸಿಹೋಗುತ್ತದೆ. ಇದಲ್ಲದೆ, ತವರದ ಪಾಲು ಹೆಚ್ಚಿರುವ ಕಂಚು ಪೆಡಸು. ಕಲ್ಲಿನ ಮೇಲೆ ಬಿದ್ದರೆ ಸೀಳುಬಿಡಬಹುದು. ಉಕ್ಕಾದರೆ ನೆಗ್ಗುತ್ತದೆ, ಅಷ್ಟೆ.

ಪುಕ್ಕಟೆ ಹಂಚುವ ಪುಟ್ಟ ಗಂಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಗುವಿನ ಕೈಗೆ ಅದು ಚೆನ್ನ, ಗುಂಪಿನ ನಡುವೆ ಅದರ ಸದ್ದು ಮೂರನೆಯ ಸಾಲಿಗೆ ತಲುಪುವುದಿಲ್ಲ.

ಇನ್ನು ಹಿಡಿಯ ಮಾತು. ದನದ ಕೊರಳಿಗೆ ಕಟ್ಟುವ ಗಂಟೆಗೆ ಮೇಲೆ ಪಟ್ಟಿ ತೂರಿಸುವ ಬಳೆ ಮಾತ್ರ ಇರುತ್ತದೆ. ಆ ಬಳೆಯನ್ನೇ ಹಿಡಿದು ಬಾರಿಸಿದರೆ ಬೆರಳು ಗಂಟೆಯ ಮೈಗೆ ತಾಗಿ ಸದ್ದು ಸಾಯುತ್ತದೆ, ಸ್ವಲ್ಪ ಹೊತ್ತಿಗೆ ಮಣಿಕಟ್ಟು ನೋಯತೊಡಗುತ್ತದೆ. ಅಮೆರಿಕದ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಅಭಿಮಾನಿಗಳು ಇದಕ್ಕೆ ಉತ್ತರ ಕಂಡುಕೊಂಡರು. ಅಲ್ಲಿನ ಇಬ್ಬರು ಪ್ರಾಧ್ಯಾಪಕರು 1960ರ ದಶಕದ ಆರಂಭದಲ್ಲಿ ಗಂಟೆಯ ನೆತ್ತಿಗೆ ಉದ್ದನೆಯ ಹಿಡಿಯನ್ನು ಬೆಸೆದುಕೊಟ್ಟರು, ಬೇಡಿಕೆ ಬೆಳೆದು ವಿಶ್ವವಿದ್ಯಾಲಯದ ಪುಸ್ತಕದಂಗಡಿಯಲ್ಲೇ ಅವು ಮಾರಾಟಕ್ಕೆ ಬಂದವು. ಆ ಗಂಟೆಗಳ ಅಬ್ಬರ ಎಷ್ಟಿತ್ತೆಂದರೆ ಅವರ ತಂಡ ಆಡುವ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ 1974ರಲ್ಲಿ ಸದ್ದು ಮಾಡುವ ಸಾಧನಗಳನ್ನೇ ನಿಷೇಧಿಸಿತು. 2010ರಲ್ಲಿ ನಿಯಮ ಸಡಿಲಿಸಿ, ಆಟಕ್ಕೆ ಮುನ್ನ, ವಿರಾಮದಲ್ಲಿ, ಅಂಕ ಗಳಿಸಿದ ಬಳಿಕ ಮಾತ್ರ ಬಾರಿಸಲು ಅವಕಾಶ ಕೊಟ್ಟಿತು. ಈ ಕಟ್ಟುಪಾಡು ಎಲ್ಲ ಕ್ರೀಡೆಗಳ ಅಭಿಮಾನಿಗಳಿಗೂ ಒಪ್ಪುವಂಥದ್ದು ಎಂಬುದು ನನ್ನ ಅಭಿಪ್ರಾಯ. ಆಟಗಾರರು ಪರಸ್ಪರ ಮಾತಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಗಂಟೆ ಬಾರಿಸುವುದು ಹುರಿದುಂಬಿಸುವಿಕೆ ಆಗಲಾರದು.

 

ಹಿಡಿಯನ್ನು ಬೆಸೆದಿದ್ದರೆ ಉತ್ತಮ. ಬೋಲ್ಟಿನಿಂದ ಬಿಗಿದಿದ್ದರೆ ಬಾರಿಸುತ್ತ ಬಾರಿಸುತ್ತ ನಟ್ಟು ಸಡಿಲವಾಗುತ್ತದೆ. ಎರಡನೆಯ ನಟ್ಟೊಂದನ್ನು ಹಾಕಿ ಬಿಗಿದರೆ ಸಾಕು. ಆದರೆ ನನ್ನ ಕೈಯಲ್ಲಿ ಕೆಟ್ಟ ಗಂಟೆಗಳು ಹೆಚ್ಚಾಗಿ ಕೆಟ್ಟದ್ದು ನಾಲಿಗೆಯಲ್ಲಿ. ಗಂಟೆಯನ್ನು ತಲೆಕೆಳಗು ಮಾಡಿ ಒಳಗೆ ನೋಡಿ: ನಾಲಿಗೆ ತೂಗುವ ತಂತಿಯ ಕೊಂಡಿಯ ತುದಿ ಪೂರ್ತಿ ಕೂಡಿಕೊಂಡಿದೆಯೇ, ಇಲ್ಲ ಕೂದಲೆಳೆಯಷ್ಟು ಬಾಯಿ ಬಿಟ್ಟಿದೆಯೇ? ಬಾಯಿ ಬಿಟ್ಟ ಕೊಂಡಿ ಪ್ರತಿ ಬೀಸಿಗೂ ಇನ್ನಷ್ಟು ತೆರೆದುಕೊಳ್ಳುತ್ತ, ಸ್ಪರ್ಧೆ ಬಿಸಿಯೇರಿದ ಹೊತ್ತಿಗೆ ನಾಲಿಗೆಯನ್ನು ಹುಲ್ಲಿನಲ್ಲಿ ಉದುರಿಸಿಬಿಡುತ್ತದೆ. ನಾಲಿಗೆ ಗಂಟೆಯ ಅಂಚಿನ ಹತ್ತಿರ ಬಡಿಯಬೇಕು, ಏಕೆಂದರೆ ಗೋಡೆ ಹೆಚ್ಚು ಕಂಪಿಸುವುದು ಅಲ್ಲಿಯೇ. ಗಿಡ್ಡ ನಾಲಿಗೆ ನಡುಗೋಡೆಗೆ ಬಡಿದರೆ ಒಳ್ಳೆಯ ತಗಡೂ ಮಂಕಾಗಿ ಕೇಳಿಸುತ್ತದೆ.

ಕಿವಿಯ ವಿಷಯದಲ್ಲಿ ಉದಾಸೀನ ಸಲ್ಲದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ 8 ತಾಸು ಇರಬಹುದಾದರೆ, 100 ಡೆಸಿಬೆಲ್‌ನಲ್ಲಿ ಕೇವಲ 15 ನಿಮಿಷ. ದೊಡ್ಡ ಗಂಟೆಯನ್ನು ಮುಖದ ಮಟ್ಟದಲ್ಲಿ ಬೀಸದೆ ಸೊಂಟದ ಮಟ್ಟದಲ್ಲಿ, ಮುಂದಿನ ಸಾಲಿನವರ ತಲೆಯಿಂದ ದೂರವಾಗಿ ಬಾರಿಸಬೇಕು. ಚಿಕ್ಕ ಮಕ್ಕಳಿಗೆ ಕಿವಿಮುಚ್ಚುಕ ತೊಡಿಸುವುದು ಒಳ್ಳೆಯದು. ಮನೆಗೆ ಮರಳುವಾಗ ಗಂಟೆಯೊಳಗೆ ಬಟ್ಟೆ ತುರುಕಿದರೆ ಸಹಪ್ರಯಾಣಿಕರಿಗೆ ಕಿರಿಕಿರಿಯಾಗುವುದಿಲ್ಲ, ಆದರೆ ಮಳೆ ಅಥವಾ ಹಿಮದಲ್ಲಿ ನೆನೆದಿದ್ದರೆ ಮನೆ ಸೇರಿದ ಕೂಡಲೇ ಆ ಬಟ್ಟೆಯನ್ನು ತೆಗೆದು ಒಳಮೈ ಒರೆಸಿ, ಕೊಂಡಿಗೆ ಒಂದು ಹನಿ ಎಣ್ಣೆ ಬಿಡಬೇಕು. ತುಕ್ಕು ಮೊದಲು ಹಿಡಿಯುವುದು ಅಲ್ಲಿಗೇ.