ಬ್ಯಾಂಡ್‌ಸ್ಟ್ಯಾಂಡ್: ಸೇನಾ ಬ್ಯಾಂಡಿನ ಹಳೆಯ ಕ್ಲಾರಿನೆಟ್ ವಾದಕ ಕಂಡಂತೆ

ಸೇನೆಯ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಕ್ಲಾರಿನೆಟ್ ನುಡಿಸಿದವನು ನಾನು. ಕಲಿತದ್ದು ಮಧ್ಯಪ್ರದೇಶದ ಪಚ್‌ಮಢಿಯಲ್ಲಿ, ಸೇನೆಯ ಸಂಗೀತ ಶಾಲೆಯಲ್ಲಿ. ನಾಟಕದಲ್ಲಾಗಲಿ ಸಿನಿಮಾದಲ್ಲಾಗಲಿ ವಾದ್ಯ ಹಿಡಿದ ನಟನನ್ನು ಕಂಡರೆ ನನ್ನ ಕಣ್ಣು ಮೊದಲು ಅವನ ಬೆರಳಿಗೆ ಹೋಗುತ್ತದೆ. ಬೆರಳು ಒಂದು ಸ್ವರ ಹೇಳಿ ಕಿವಿಗೆ ಇನ್ನೊಂದು ಬಿದ್ದರೆ ಅಲ್ಲಿಗೆ ನನ್ನ ಪಾಲಿಗೆ ಆಟ ಮುಗಿಯಿತು. 2017ರ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಅವನು ನನ್ನನ್ನೂ ನನ್ನ ಹೆಂಡತಿಯನ್ನೂ ನ್ಯೂಯಾರ್ಕಿನ ಬರ್ನಾರ್ಡ್ ಬಿ. ಜೇಕಬ್ಸ್ ರಂಗಮಂದಿರಕ್ಕೆ ‘ಬ್ಯಾಂಡ್‌ಸ್ಟ್ಯಾಂಡ್’ ಎಂಬ ಸಂಗೀತ ನಾಟಕ ತೋರಿಸಲು ಕರೆದುಕೊಂಡು ಹೋದ. “ಅಪ್ಪಾ, ಇದರಲ್ಲಿ ನಟರೇ ನುಡಿಸುತ್ತಾರೆ” ಎಂದಿದ್ದ. ನಾನು ನಂಬಿರಲಿಲ್ಲ.

ನಿಜವಾಗಿಯೂ ಅವರೇ ನುಡಿಸಿದರು. ಸ್ಯಾಕ್ಸೊಫೋನ್ ಹಿಡಿದ ಹುಡುಗ ಉಸಿರೆಳೆದುಕೊಂಡಾಗ ಅವನ ಹೆಗಲು ಏಳಲಿಲ್ಲ, ಹೊಟ್ಟೆ ಉಬ್ಬಿತು. ಅಷ್ಟು ಸಾಕಾಯಿತು ನನಗೆ. ಆಮೇಲೆ ಬೆರಳು ನೋಡುವುದನ್ನು ಬಿಟ್ಟು ಕಥೆ ನೋಡಿದೆ.

ಕಥೆ 1945ರದು. ಎರಡನೆಯ ಮಹಾಯುದ್ಧ ಮುಗಿಸಿ ಅಮೆರಿಕದ ಓಹಾಯೊದ ಕ್ಲೀವ್‌ಲ್ಯಾಂಡಿಗೆ ಮರಳಿದ ಪಿಯಾನೊ ವಾದಕ ಡಾನಿ ನೊವಿಟ್‌ಸ್ಕಿಗೆ ಕೆಲಸವೂ ಇಲ್ಲ, ನಿದ್ದೆಯೂ ಇಲ್ಲ. ಸೈನಿಕರಿಗೆ ಗೌರವ ಸಲ್ಲಿಸುವ ಹಾಡಿಗಾಗಿ ರೇಡಿಯೊದವರು ದೇಶಕ್ಕೆಲ್ಲ ಸ್ಪರ್ಧೆ ಏರ್ಪಡಿಸಿದ್ದಾರೆಂದು ತಿಳಿದು, ತನ್ನಂತೆಯೇ ಮರಳಿ ಬಂದ ಐವರನ್ನು ಹುಡುಕಿ ಸ್ವಿಂಗ್ ಬ್ಯಾಂಡ್ ಕಟ್ಟುತ್ತಾನೆ; ಸ್ವಿಂಗ್ ಎಂದರೆ ಆ ಕಾಲದ ಕುಣಿತದ ಜಾಸ್ ಸಂಗೀತ. ಹಾಡುವವಳು ಜೂಲಿಯಾ, ಯುದ್ಧದಲ್ಲಿ ತೀರಿಕೊಂಡ ಅವನ ಗೆಳೆಯನ ಹೆಂಡತಿ. ಬಾಸ್ ನುಡಿಸುವ ಡೇವಿ, ನಾಜಿಗಳ ಡಾಖಾವ್ ಸೆರೆಶಿಬಿರವನ್ನು ಬಿಡುಗಡೆ ಮಾಡಿದ ದಳದಲ್ಲಿದ್ದವನು. ಬಾಯಿ ತುಂಬ ಹಾಸ್ಯ, ಕೈಯಲ್ಲಿ ಸದಾ ಮದ್ಯ. ಡ್ರಮ್ಮರ್ ಜಾನಿ ಜೀಪ್ ಅಪಘಾತದಲ್ಲಿ ಬೆನ್ನು ಮುರಿದುಕೊಂಡವನು, ನೆನಪೂ ಮಸುಕು. ಟ್ರಂಪೆಟ್‌ನ ನಿಕ್ ಯುದ್ಧಕೈದಿಯಾಗಿದ್ದವನು. ಇವರ ಬೇನೆಗೆ, ಅಂದರೆ ಆಘಾತದ ನಂತರವೂ ಬಿಡದೆ ಕಾಡುವ ಮನಸ್ಸಿನ ನೋವಿಗೆ, ಇಂದು ನಾವು ಬಳಸುವ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಹೆಸರಿಲ್ಲದ ರೋಗಕ್ಕೆ ಔಷಧ ಕೇಳುವುದಾದರೂ ಹೇಗೆ? ಈ ಆರು ಜನ ಕೇಳುವುದೂ ಇಲ್ಲ, ನುಡಿಸುತ್ತಾರೆ.

ಸ್ವಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು. ಕವಾಯತಿನ ಸಂಗೀತದಲ್ಲಿ ಒತ್ತು ಬೀಳುವುದು ಮೊದಲ ಏಟಿಗೆ; ಎಡಗಾಲು ನೆಲ ಮುಟ್ಟುವುದೂ ಅಲ್ಲೇ. ಸ್ವಿಂಗ್‌ನಲ್ಲಿ ನಾಲ್ಕು ಏಟಿನ ಸುತ್ತಿನ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಚಪ್ಪಾಳೆ. ಹಾಳೆಯಲ್ಲಿ ಸಮನಾಗಿ ಬರೆದಿರುವ ಎರಡು ಸ್ವರಗಳಲ್ಲಿ ಮೊದಲನೆಯದನ್ನು ತುಸು ಎಳೆದು, ಎರಡನೆಯದನ್ನು ಚುಟುಕಾಗಿಸುತ್ತಾರೆ. ಆ ಎಳೆತದಲ್ಲೇ ಮೈ ಸಡಿಲವಾಗುವುದು. ವರ್ಷಗಟ್ಟಲೆ ಒಂದೇ ಹೆಜ್ಜೆಯಲ್ಲಿ ನಡೆದ ಕಾಲುಗಳು ಆ ತಾಳ ಹಿಡಿಯುವುದನ್ನು ನೋಡುತ್ತಿದ್ದರೆ, ಈ ಕಥೆಗೆ ಬೇರೆ ಯಾವ ಸಂಗೀತವೂ ಒಗ್ಗುತ್ತಿರಲಿಲ್ಲ ಅನ್ನಿಸಿತು. ಆ ಕಾಲದ ದೊಡ್ಡ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ಕೂಡ ಸಮವಸ್ತ್ರ ತೊಟ್ಟು ಹೋದವರೇ. 1944ರ ಡಿಸೆಂಬರಿನಲ್ಲಿ ಅವರಿದ್ದ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಣ್ಮರೆಯಾಯಿತು.

ನಿರ್ದೇಶನ, ನೃತ್ಯ ಸಂಯೋಜನೆ ಎರಡೂ ಆಂಡಿ ಬ್ಲ್ಯಾಂಕನ್‌ಬ್ಯೂಲರ್ ಅವರದು. ನೃತ್ಯಕ್ಕೆ ಆ ವರ್ಷದ ಟೋನಿ, ಅಂದರೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ, ಬಂತು. ಬಂದದ್ದು ಏಕೆಂದು ನನಗೆ ಗೊತ್ತು. ವಾದಕರು ನುಡಿಸುತ್ತಿರುವಾಗಲೇ ಸಮವಸ್ತ್ರದ ನೃತ್ಯಗಾರರು ಹಿಂದಿನಿಂದ ಬಂದು ಅವರ ಬೆನ್ನಿಗೆ ಒರಗುತ್ತಾರೆ, ಹೆಗಲಿಗೆ ಜೋತು ಬೀಳುತ್ತಾರೆ. ಮನೆಗೆ ಮರಳದವರು ಅವರು. ಹೊತ್ತವನು ಅವರನ್ನು ಕೊಡವಿಕೊಳ್ಳುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ಮೊಣಕಾಲು ತುಸು ಬಾಗುತ್ತದೆ, ಅಷ್ಟೇ.

ಕಾಳಗದ ಸಮಯದಲ್ಲಿ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹೊರುತ್ತಾರೆ, ನಮ್ಮ ಸೇನೆಯ ಪದ್ಧತಿ ಅದು. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್‌ನ ಇಳಿಜಾರಿನಲ್ಲಿ ನಾನೂ ಹೊತ್ತೆ. ಇಳಿಯುವಾಗ ಮುಂದಿನವನು ಹಿಡಿಯನ್ನು ಹೆಗಲಿಗೇರಿಸಿಕೊಳ್ಳುತ್ತಾನೆ, ಹಿಂದಿನವನು ಸೊಂಟದ ಮಟ್ಟಕ್ಕೆ ತಗ್ಗಿಸುತ್ತಾನೆ, ಮಲಗಿದವನು ಜಾರಬಾರದಲ್ಲ. ನಾನು ಯಾವಾಗಲೂ ಮುಂದೆ. ಮೊಣಕಾಲಿನ ಆ ಬಾಗು ನನಗೆ ಗೊತ್ತು. ನ್ಯೂಯಾರ್ಕಿನ ರಂಗದ ಮೇಲೆ ಅದನ್ನು ಅಷ್ಟು ಸರಿಯಾಗಿ ಕಂಡಾಗ ಕೈ ಬೆವೆತಿತು.

ಕೊರತೆ ಇಲ್ಲವೆಂದಲ್ಲ. ಡಾನಿ ಮತ್ತು ಜೂಲಿಯಾರ ಪ್ರೀತಿ ಎತ್ತ ಸಾಗುತ್ತದೆಂದು ಮೊದಲ ಭೇಟಿಯಲ್ಲೇ ತಿಳಿದುಬಿಡುತ್ತದೆ. ಕೆಲವೆಡೆ ರಂಗದ ತುಂಬ ಕುಣಿತ. ಮಾತು ಕೇಳಬೇಕಾದ ಹೊತ್ತಿನಲ್ಲೂ ಯಾರಾದರೊಬ್ಬರು ಚಲಿಸುತ್ತಲೇ ಇರುತ್ತಾರೆ. ಟ್ರೊಂಬೋನ್‌ನ ವೇಯ್ನ್‌ಗೆ ಇನ್ನಷ್ಟು ಜಾಗ ಕೊಡಬೇಕಿತ್ತು. ಎಲ್ಲವನ್ನೂ ಅಳತೆಗೆ ತಕ್ಕಂತೆ ಇಡದಿದ್ದರೆ ನೆಮ್ಮದಿ ಕಾಣದ ಅಂಥವರನ್ನು ನಾನು ಬಲ್ಲೆ. ಆದರೆ ಕೊನೆಯ ಹಾಡಿನ ಮುಂದೆ ಇವೆಲ್ಲ ಸಣ್ಣ ಮಾತು. ಜೂಲಿಯಾ ಬರೆದ ಕವಿತೆಯೊಂದನ್ನು ಮೊದಲು ಕೇಳುವವರ ಕಿವಿಗೆ ಹಿತವಾಗುವಂತೆ ನಯಗೊಳಿಸಿ ಹಾಡಿರುತ್ತಾರೆ. ಕೊನೆಗೆ ನೇರ ಪ್ರಸಾರದಲ್ಲಿ ಅದನ್ನೇ ಇದ್ದದ್ದು ಇದ್ದಂತೆ ಹಾಡುತ್ತಾರೆ, ಒಬ್ಬೊಬ್ಬನ ನೋವನ್ನೂ ಬಿಡದೆ. ಜೂಲಿಯಾ ಆಗಿ ಲಾರಾ ಓಸ್ನೆಸ್ ಅಲ್ಲಿ ದನಿಯ ಸೊಗಸನ್ನೂ ಬದಿಗಿಟ್ಟರು.

ನನ್ನ ಹೆಂಡತಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಜೂಲಿಯಾಳ ತಾಯಿಯಾಗಿ ಬೆತ್ ಲೆವೆಲ್ ಮಗಳ ಮುಂದೆ ಹಾಡುವಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಡಿಸನ್‌ಗೆ ಮರಳುವ ರೈಲಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, “ನೀವು ಎಷ್ಟು ಜನರನ್ನು ಹೊತ್ತಿರಿ?” ಎಂದು ಕೇಳಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಹೇಳಿದೆ.

ಆ ಪ್ರಯೋಗ 166 ಪ್ರದರ್ಶನ ಕಂಡು ಸೆಪ್ಟೆಂಬರಿನಲ್ಲಿ ನಿಂತಿತು. ಚಿತ್ರೀಕರಿಸಿದ ಆವೃತ್ತಿ 2018ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಆಮೇಲೆ ಅದನ್ನು ಮೈಸೂರಿನ ಮನೆಯಲ್ಲಿ ಇನ್ನೊಮ್ಮೆ ನೋಡಿದೆ. ಹಾಡುಗಳ ಧ್ವನಿಮುದ್ರಣವೂ ಇದೆ. ಪರದೆಯ ಮೇಲೆ ಟ್ರಂಪೆಟ್ ಊದುವವನ ತುಟಿಯವರೆಗೆ ಎಲ್ಲವೂ ಹತ್ತಿರದಿಂದ ಕಾಣುತ್ತದೆ, ಆದರೆ ಕ್ಯಾಮೆರಾ ಮುಖಕ್ಕೆ ಹೋದಾಗ ಬೆನ್ನು ತಪ್ಪಿಹೋಗುತ್ತದೆ. ಇಡೀ ರಂಗ ಕಾಣುವ ಹೊತ್ತಿನಲ್ಲಿ ಮುಂದೆ ಹಾಡುವವಳನ್ನು ಬಿಟ್ಟು, ಹಿಂದಿನ ಸಾಲಿನವರ ಹೆಗಲು ನೋಡಿ.